ಹೆರಿಗೆ ಕೋಣೆಯ ಬಾಗಿಲಲ್ಲಿ ಗಂಡ

ಹೆರಿಗೆಯ ಹೊತ್ತಿನಲ್ಲಿ ಗಂಡನಾದವನು ಹೆಂಡತಿಯ ಬಳಿ ಇರಬೇಕೆ ಬೇಡವೆ ಎಂಬ ಪ್ರಶ್ನೆ ನಮ್ಮ ಮನೆಗಳ ಜಗಲಿಗೆ ಬಂದು ಕುಳಿತು ಹೆಚ್ಚು ಕಾಲವಾಗಿಲ್ಲ. ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ಇರುವ ಮೊಮ್ಮಗ ಫೋನು ಮಾಡಿ "ನಾನೂ ಒಳಗೇ ಇದ್ದೆ ಅಜ್ಜಿ" ಎಂದಾಗ ಇಲ್ಲಿ ಅಜ್ಜಿ ಮೂಗಿನ ಮೇಲೆ ಬೆರಳಿಡುತ್ತಾರೆ. "ಗಂಡಸರಿಗೆ ಅಲ್ಲೇನು ಕೆಲಸ?" ಎಂಬುದು ಒಂದು ಪಕ್ಷ. "ಕಾಲ ಬದಲಾಯಿತಲ್ಲ, ಇಂಗ್ಲಿಷರ ದೇಶದಲ್ಲಿ ಹಾಗೆಯೇ" ಎಂಬುದು ಇನ್ನೊಂದು ಪಕ್ಷ. ಎರಡೂ ಪಕ್ಷದವರು ಒಂದು ವಿಷಯವನ್ನು ಮಾತ್ರ ಚರ್ಚೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಗಂಡ ಹೊರಗಿರುವುದು ನಮ್ಮ ಪದ್ಧತಿ, ಒಳಗಿರುವುದು ಪಾಶ್ಚಾತ್ಯರ ಪದ್ಧತಿ ಎಂಬುದೇ ಆ ವಿಷಯ. ಇತಿಹಾಸವನ್ನು ಸ್ವಲ್ಪ ತಡಕಿದರೆ ಈ ಒಪ್ಪಿಗೆಯೇ ನಿಲ್ಲುವುದಿಲ್ಲ. ಪಾಶ್ಚಾತ್ಯರಲ್ಲಿಯೂ ಗಂಡ ಹೊರಗೇ ಇದ್ದ. ಆಸ್ಪತ್ರೆಯ ಹೆರಿಗೆ ಕೋಣೆಯೊಳಗೆ ಅವನು ಕಾಲಿಟ್ಟು ಅರುವತ್ತು ಎಪ್ಪತ್ತು ವರ್ಷಗಳಾದವು ಅಷ್ಟೆ. ಅದಕ್ಕೂ ಮೊದಲು ಅಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಒಳಗಿದ್ದ ಹೆಂಗಸರು ಹೊರಗೆ ಹೋಗಿದ್ದರು. ಇದನ್ನು ಬಿಟ್ಟು ಗಂಡನ ವಿಷಯವೊಂದನ್ನೇ ಹಿಡಿದು ಎಳೆದಾಡುವುದರಿಂದ ನಮ್ಮ ಜಗಲಿಯ ವಾದ ತೀರ್ಮಾನ ಕಾಣುವುದಿಲ್ಲವೆಂದು ನನಗೆ ತೋರುತ್ತದೆ.

ಮೊದಲು ನಮ್ಮ ಕಡೆಯದನ್ನೇ ನೋಡೋಣ. ಹೆರಿಗೆಗೆ ಪ್ರತ್ಯೇಕ ಜಾಗ ಬೇಕೆಂಬುದು ಹಳೆಯ ತಿಳುವಳಿಕೆ. ಸಂಸ್ಕೃತದ ವೈದ್ಯಗ್ರಂಥಗಳು ಅದನ್ನು ಸೂತಿಕಾಗಾರ ಎನ್ನುತ್ತವೆ. ಮಲಯಾಳದಲ್ಲಿ ಈಟ್ಟಿಲ್ಲಂ ಎಂಬ ಸೊಗಸಾದ ಪದವಿದೆ. ಹೆರುವ ಮನೆ ಎಂದೇ ಅದರ ಅರ್ಥ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸೂತಿಕಾಗಾರವನ್ನು ಕಟ್ಟುವ ಬಗೆ, ಅಲ್ಲಿ ಕೂಡಿಡಬೇಕಾದ ಸಾಮಗ್ರಿ ಎಲ್ಲವನ್ನೂ ಹೇಳಿದ ಮೇಲೆ ಅಲ್ಲಿ ಯಾರಿರಬೇಕು ಎಂಬುದನ್ನೂ ಹೇಳಿದೆ. ಹಲವು ಸಲ ಹೆತ್ತ ಹೆಂಗಸರು, ಸ್ನೇಹವುಳ್ಳವರು, ಗರ್ಭಿಣಿಯ ಮೇಲೆ ಪ್ರೀತಿಯಿರುವವರು, ಕಷ್ಟ ಸಹಿಸಬಲ್ಲವರು ಸುತ್ತಲೂ ಇದ್ದು ಸಮಾಧಾನದ ಮಾತಾಡುತ್ತಿರಬೇಕು. ನೋವು ಬಾರದೆ ಮುಕ್ಕರಿಯಬೇಡ, ಅದು ವ್ಯರ್ಥ ಎಂದು ಅವರೇ ತಿಳಿಸಬೇಕು. ಅವಳಿಗೆ ಅನುಕೂಲಳಾದ ಒಬ್ಬಾಕೆ ಕಿವಿಯಲ್ಲಿ ಮಂತ್ರ ಹೇಳಬೇಕು. ಸುಶ್ರುತನು ಇನ್ನೂ ಲೆಕ್ಕಾಚಾರದವನು. ಅವನ ಪ್ರಕಾರ ನಾಲ್ವರು ಹೆಂಗಸರಿರಬೇಕು. ವಯಸ್ಸಾದವರು, ಹೆರಿಗೆ ಮಾಡಿಸಿ ಪಳಗಿದವರು, ಉಗುರು ಕತ್ತರಿಸಿಕೊಂಡವರು. ಉಗುರಿನ ವಿಷಯವನ್ನು ಓದಿದಾಗ ನನಗೆ ಬೆರಗಾಯಿತು. ಯುರೋಪಿನ ದೊಡ್ಡ ಆಸ್ಪತ್ರೆಗಳಿಗೆ ಕೈಯ ಶುಚಿ ತಿಳಿದುಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಎಂಬುದನ್ನು ಮುಂದೆ ನೋಡಲಿದ್ದೇವೆ.

ಗ್ರಂಥದಲ್ಲಿದ್ದ ಈ ನಾಲ್ವರು ನಮ್ಮ ಊರುಗಳಲ್ಲಿ ಅಜ್ಜಿ, ಅಮ್ಮ, ಅತ್ತಿಗೆ ಮತ್ತು ಸೂಲಗಿತ್ತಿ. ಮಲಯಾಳದವರು ವಯಟ್ಟಾಟ್ಟಿ ಎಂದೋ ಪತಿಚ್ಚಿ ಎಂದೋ ಕರೆದದ್ದು ಇವಳನ್ನೇ. ಈ ವಿದ್ಯೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ತಮ್ಮ ಅಜ್ಜಿಯಿಂದ ಕಲಿತು ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದವರೆಂದು ಪ್ರಸಿದ್ಧರಾಗಿ, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಒಂದು ಕಾಲದಲ್ಲಿ ಅಂಥ ಒಬ್ಬಾಕೆ ಇಲ್ಲದ ಗ್ರಾಮವಿರಲಿಲ್ಲ.

ಗಂಡನೋ, ನಮ್ಮಲ್ಲಿ ಬಾಗಿಲಿನ ಹೊರಗಲ್ಲ, ಊರಿನ ಹೊರಗೇ ಇರುತ್ತಿದ್ದ. ಏಳನೆಯ ತಿಂಗಳಲ್ಲಿ ಸೀಮಂತವೋ ಬಯಕೆಯೋ ಕಳೆದು ಹೆಣ್ಣು ತವರಿಗೆ ಹೋದರೆ ಮತ್ತೆ ತೊಟ್ಟಿಲ ಮಗುವಿನೊಂದಿಗೇ ಹಿಂದೆ ಬರುವುದು. ಅಳಿಯಸಂತಾನದ ಮನೆಗಳಲ್ಲಿ, ಮರುಮಕ್ಕತ್ತಾಯದ ತರವಾಡುಗಳಲ್ಲಿ ಮಗು ಸೇರಿದ್ದೇ ತಾಯಿಯ ಮನೆಗೆ. ಹೆರಿಗೆಯಾದ ಮೇಲೆ ನಮ್ಮಲ್ಲಿ ಅಮೆ, ಮಲಯಾಳದವರಲ್ಲಿ ವಾಲಾಯ್ಮ. ಅದು ಕಳೆಯುವ ತನಕ ಮುಟ್ಟುವುದಕ್ಕೂ ಲೆಕ್ಕ. ಚೊಚ್ಚಲ ಹೆರಿಗೆಯ ಖರ್ಚೂ ತವರಿನದೇ. ಈ ಪದ್ಧತಿ ಇನ್ನೂ ಜೀವಂತವಿದೆ ಎಂಬುದು ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನಗೆ ಚೆನ್ನಾಗಿ ಗೊತ್ತು. "ಮಗಳ ಹೆರಿಗೆ ಉಂಟು" ಎಂದು ಬಳೆ ಅಡವಿಡಲು ಬರುವವರು ಅಪ್ಪಂದಿರು. ಅಳಿಯಂದಿರು ಬಂದದ್ದನ್ನು ನಾನು ಕಂಡದ್ದು ಕಡಿಮೆ.

ತಿರುಚಿರಾಪಳ್ಳಿಯ ಬೆಟ್ಟದ ಮೇಲಿನ ಶಿವನಿಗೆ ತಾಯುಮಾನವರ್ ಎಂದು ಹೆಸರು. ತಾಯಿಯೂ ಆದವನು ಎಂದರ್ಥ. ರತ್ನಾವತಿ ಎಂಬ ವಣಿಕ ಸ್ತ್ರೀಗೆ ದಿನ ತುಂಬಿತ್ತು. ತವರಿನಿಂದ ಹೊರಟ ತಾಯಿ ಕಾವೇರಿಯ ನೆರೆಯಲ್ಲಿ ಆಚೆ ದಡದಲ್ಲಿ ಸಿಕ್ಕಿಕೊಂಡಳು. ಆಗ ಶಿವನೇ ಆ ತಾಯಿಯ ರೂಪದಲ್ಲಿ ಬಂದು ಹೆರಿಗೆ ಮಾಡಿಸಿ ಬಾಣಂತನವನ್ನೂ ನೋಡಿಕೊಂಡನಂತೆ. ನೆರೆ ಇಳಿದು ನಿಜವಾದ ತಾಯಿ ಬಂದಾಗ ಮನೆಯಲ್ಲಿ ಒಂದೇ ರೂಪದ ಇಬ್ಬರು ತಾಯಂದಿರು! ಐತಿಹ್ಯ ಇಷ್ಟೆ. ದೇವರಾದರೂ ಗಂಡುರೂಪದಲ್ಲಿ ಆ ಕೋಣೆಗೆ ಹೋಗಲಿಲ್ಲ ಎಂಬುದನ್ನು ಒಂದು ಪಕ್ಷದವರು ಹೇಳಬಹುದು. ಹೆರುವವಳು ಒಬ್ಬಳೇ ಆಗಬಾರದೆಂದು ದೇವರು ಹೆಣ್ಣುರೂಪವನ್ನಾದರೂ ತಾಳಿದ ಎಂಬುದನ್ನು ಇನ್ನೊಂದು ಪಕ್ಷದವರು ಹೇಳಬಹುದು. ನನಗೆ ಎರಡನೆಯದೇ ಕಥೆಯ ತಿರುಳೆಂದು ಕಾಣುತ್ತದೆ.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ಹೇಳಲು ನಾನು ಹೊರಟಿಲ್ಲ. ಕತ್ತಲೆ ಕೋಣೆ, ಹೊಗೆ, ಬೆಳ್ಳಕ್ಕಿ ಗಂಜಿಯ ಪಥ್ಯ, ಹೊಕ್ಕುಳು ಕತ್ತರಿಸಿದ ಕತ್ತಿಯಿಂದ ಮಗುವಿಗೆ ಧನುರ್ವಾಯು, ತಾಯಿಗೆ ನಂಜು. ಮಗು ಅಡ್ಡವಾದರೆ ಸೂಲಗಿತ್ತಿಯ ಕೈಯಲ್ಲಿ ಉಪಾಯವೂ ಉಳಿಯುತ್ತಿರಲಿಲ್ಲ. ಹೆರಿಗೆಯಲ್ಲಿ ತೀರಿಕೊಂಡ ಒಬ್ಬಳಾದರೂ ಇಲ್ಲದ ಹಳೆಯ ಮನೆತನ ನಮ್ಮಲ್ಲಿ ವಿರಳ.

ದಕ್ಷಿಣ ಭಾರತದಲ್ಲೇ ಗಂಡನಿಗೂ ಹೆರಿಗೆಯಲ್ಲಿ ಪಾತ್ರ ಕೊಟ್ಟ ಒಂದು ವಿಚಿತ್ರ ಪದ್ಧತಿಯನ್ನು ಎಡ್ಗರ್ ಥರ್ಸ್ಟನ್ ದಾಖಲಿಸಿದ್ದಾನೆ. ತೆಲುಗು ಸೀಮೆಯ ಎರುಕಲರಲ್ಲಿ ಹೆಂಡತಿಗೆ ನೋವು ಶುರುವಾಯಿತೆಂದು ತಿಳಿದೊಡನೆ ಗಂಡ ಅವಳ ಬಟ್ಟೆ ತೊಟ್ಟು, ಹಣೆಗೆ ಬೊಟ್ಟಿಟ್ಟು, ಮಂದ ದೀಪದ ಕೋಣೆಯಲ್ಲಿ ಹೊದ್ದು ಮಲಗುತ್ತಿದ್ದ. ಮಗು ಹುಟ್ಟಿದ ಮೇಲೆ ಅದನ್ನು ತಂದು ಅವನ ಪಕ್ಕದಲ್ಲಿ ಮಲಗಿಸುತ್ತಿದ್ದರು. ಇಂಥದು ಲೋಕದ ಹಲವು ಕಡೆ ಇತ್ತು. ಹೊರಗಿದ್ದೂ ಒಳಗಿರುವ ಉಪಾಯ ಇದೆಂದು ಕಾಣುತ್ತದೆ. ಇರಲಿ.

ಇನ್ನು ಯುರೋಪು. ಅಲ್ಲಿಯೂ ಹೆರಿಗೆಯೆಂದರೆ ಹೆಂಗಸರ ಕೂಟ. ನೋವು ಬಂದೊಡನೆ ಗಂಡ ಮನೆಯಿಂದ ಮನೆಗೆ ಓಡಿ ನೆರೆಯ ಹೆಂಗಸರನ್ನು ಕರೆದು ತರಬೇಕು, ಆಮೇಲೆ ಕೆಳಗಿನ ಕೋಣೆಯಲ್ಲಿ ಕಾಯಬೇಕು. ಹೀಗೆ ಬಂದ ಹೆಂಗಸರನ್ನು ಇಂಗ್ಲೆಂಡಿನಲ್ಲಿ 'ಗಾಸಿಪ್' ಎನ್ನುತ್ತಿದ್ದರು. ಮೂಲದಲ್ಲಿ ಅದು ಧರ್ಮಸಂಬಂಧಿ ಎಂಬ ಅರ್ಥದ ಗೌರವದ ಪದ. ಮಗುವಿನ ನಾಮಕರಣಕ್ಕೆ ನಿಲ್ಲುವವರು, ಹೆರಿಗೆಗೂ ಜೊತೆಗಿರುವವರು. ಗಂಡಸರಿಗೆ ಪ್ರವೇಶವಿಲ್ಲದ ಆ ಕೋಣೆಯಲ್ಲಿ ಏನೇನು ಮಾತಾಡುತ್ತಿದ್ದರೋ ಎಂಬ ಸಂಶಯದಿಂದಲೇ ಪದದ ಅರ್ಥ ಕೆಟ್ಟು ಹರಟೆ, ಚಾಡಿ ಎಂದಾಯಿತು.

ಈ ಕೋಣೆಗೆ ಮೊದಲು ಹೊಕ್ಕ ಗಂಡಸು ವೈದ್ಯ. ಹದಿನೇಳನೆಯ ಶತಮಾನದ ಲಂಡನಿನಲ್ಲಿ ಚೇಂಬರ್ಲೆನ್ ಎಂಬ ಮನೆತನದವರು ಮಗುವಿನ ತಲೆ ಹಿಡಿದು ಎಳೆಯುವ ಇಕ್ಕಳವನ್ನು ಕಂಡುಹಿಡಿದು ಮೂರು ನಾಲ್ಕು ತಲೆಮಾರು ಗುಟ್ಟಾಗಿ ಇಟ್ಟುಕೊಂಡರು. ದೊಡ್ಡ ಪೆಟ್ಟಿಗೆಯಲ್ಲಿ ಮುಚ್ಚಿ ತರುತ್ತಿದ್ದರು, ಹೆರುವವಳ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು, ನೆಂಟರನ್ನು ಹೊರಗೆ ಕಳುಹಿಸುತ್ತಿದ್ದರು ಎಂಬುದು ಪ್ರತೀತಿ. ಆ ಇಕ್ಕಳಗಳು 1813ರಲ್ಲಿ ಎಸೆಕ್ಸಿನ ಅವರ ಹಳೆಯ ಮನೆಯೊಂದರಲ್ಲಿ ನೆಲದಡಿಯಿಂದ ಸಿಕ್ಕಿದವು. ಸಾವಿರಾರು ಜೀವ ಉಳಿಸಬಹುದಾಗಿದ್ದ ಸಾಧನವನ್ನು ನೂರು ವರ್ಷಗಳಿಗೂ ಹೆಚ್ಚು ಕಾಲ ಲಾಭಕ್ಕಾಗಿ ಮುಚ್ಚಿಟ್ಟವರನ್ನು ಹೊಗಳಲು ನನಗೆ ಮನಸ್ಸು ಬಾರದು.

ನೋಡುವವರ ವಿಷಯ ಬಂದಾಗ ಅರಮನೆಗಳನ್ನು ಮರೆಯುವಂತಿಲ್ಲ. ಗಂಡಸರು ಗುಂಪುಗೂಡಿ ಹೆರಿಗೆ ನೋಡಿದ್ದು ಅಲ್ಲಿ ಮಾತ್ರ. 1688ರ ಜೂನಿನಲ್ಲಿ ಇಂಗ್ಲೆಂಡಿನ ರಾಜ ಎರಡನೆಯ ಜೇಮ್ಸನ ರಾಣಿ ಮೇರಿ ಗಂಡು ಹೆತ್ತಾಗ ಕೋಣೆಯಲ್ಲಿ ಮಂತ್ರಿಗಳೂ ದರಬಾರಿನವರೂ ಸೇರಿ ಹತ್ತಾರು ಮಂದಿ ಇದ್ದರು. ಅಷ್ಟಿದ್ದರೂ ಮಗು ರಾಣಿಯದಲ್ಲ, ಹಾಸಿಗೆ ಬೆಚ್ಚಗೆ ಮಾಡುವ ಕೆಂಡದ ಪಾತ್ರೆಯೊಳಗೆ ಬಚ್ಚಿಟ್ಟು ತಂದದ್ದು ಎಂಬ ಸುದ್ದಿ ಹಬ್ಬಿತು. ರಾಜ ಅಕ್ಟೋಬರಿನಲ್ಲಿ ಸಭೆ ಕರೆದು ಸಾಕ್ಷಿಗಳ ಹೇಳಿಕೆ ತೆಗೆಸಬೇಕಾಯಿತು. ಅದರಿಂದೇನೂ ಆಗಲಿಲ್ಲ, ವರ್ಷದ ಕೊನೆಗೆ ಸಿಂಹಾಸನವೇ ಹೋಯಿತು. ಫ್ರಾನ್ಸಿನಲ್ಲಿ 1778ರ ಡಿಸೆಂಬರ್ 19ರಂದು ರಾಣಿ ಮೇರಿ ಆಂಟೋನೆಟ್ ಚೊಚ್ಚಲ ಹೆರುವಾಗ ಪದ್ಧತಿಯ ಪ್ರಕಾರ ಬಾಗಿಲು ತೆರೆದರು. ಜನ ನುಗ್ಗಿದರು. ಸೆಕೆ ಮತ್ತು ಉಸಿರುಕಟ್ಟಿನಿಂದ ರಾಣಿ ಮೂರ್ಛೆ ಹೋದಳು. ಚಳಿಗಾಲಕ್ಕೆಂದು ಮುಚ್ಚಿ ಅಂಟಿಸಿದ್ದ ಕಿಟಕಿಯನ್ನು ರಾಜನೇ ಒಡೆದು ಗಾಳಿ ಬಿಡಿಸಿದನೆಂದು ಹೇಳುತ್ತಾರೆ. ಬ್ರಿಟನ್ನಿನಲ್ಲಿ ರಾಜಮನೆತನದ ಹೆರಿಗೆಗೆ ಗೃಹಮಂತ್ರಿ ಹಾಜರಿರುವ ಪದ್ಧತಿ 1948ರಲ್ಲಿ, ಈಗಿನ ರಾಜ ಚಾರ್ಲ್ಸ್ ಹುಟ್ಟುವುದಕ್ಕೆ ಸ್ವಲ್ಪ ಮೊದಲು, ನಿಂತುಹೋಯಿತು.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇವರೆಲ್ಲ ಸಾಕ್ಷಿಗೆ ಸಹಿ ಹಾಕಲು ಬಂದವರು; ಸಾಲದಲ್ಲಿ ಪಾಲುದಾರರಲ್ಲ. ಸಾಕ್ಷಿಯ ಕಣ್ಣು ಮಗುವಿನ ಮೇಲೆ. ಜೊತೆಗಿರುವವಳ ಕಣ್ಣು ಹೆರುವವಳ ಮುಖದ ಮೇಲೆ. ನಮ್ಮ ಪ್ರಶ್ನೆಯಲ್ಲಿ 'ಗಂಡ ಹೆರಿಗೆ ನೋಡಬಹುದೆ' ಎಂದು ಕೇಳುವಾಗ ಈ ಎರಡೂ ಕಲೆಸಿಹೋಗುತ್ತವೆ. ಅದೇ ಅರಮನೆಯಲ್ಲಿ ಜೊತೆಗಿದ್ದ ಗಂಡನ ಉದಾಹರಣೆಯೂ ಇದೆ. 1840ರ ನವೆಂಬರಿನಲ್ಲಿ ವಿಕ್ಟೋರಿಯಾ ರಾಣಿ ಮೊದಲ ಮಗುವನ್ನು ಹೆರುವಾಗ ಮಂತ್ರಿಗಳು ಪಕ್ಕದ ಕೋಣೆಯಲ್ಲಿದ್ದರು. ಒಳಗೆ ವೈದ್ಯ, ಸೂಲಗಿತ್ತಿ ಮತ್ತು ಗಂಡ ಆಲ್ಬರ್ಟ್ ಇದ್ದರು. 1853ರ ಏಪ್ರಿಲಿನಲ್ಲಿ ಡಾಕ್ಟರ್ ಜಾನ್ ಸ್ನೋ ಆಕೆಗೆ ಕ್ಲೋರೋಫಾರ್ಮ್ ಕೊಟ್ಟ ಪ್ರಸಿದ್ಧ ಹೆರಿಗೆಯಲ್ಲಿಯೂ ಆಲ್ಬರ್ಟ್ ಇದ್ದ.

ಸಾಮಾನ್ಯರ ಪಾಲಿಗೆ ಎಲ್ಲವನ್ನೂ ಬದಲಿಸಿದ್ದು ಆಸ್ಪತ್ರೆ. ಮೊದಮೊದಲು ಆಸ್ಪತ್ರೆಗೆ ಹೋದವರು ಬಡವರು, ದಿಕ್ಕಿಲ್ಲದವರು. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ವೈದ್ಯರೂ ವಿದ್ಯಾರ್ಥಿಗಳೂ ನೋಡುತ್ತಿದ್ದ ವಿಭಾಗದಲ್ಲಿ ನೂರಕ್ಕೆ ಹತ್ತರ ಆಸುಪಾಸು ಬಾಣಂತಿಯರು ನಂಜಿನಿಂದ ಸಾಯುತ್ತಿದ್ದರು. ಸೂಲಗಿತ್ತಿಯರು ನೋಡುತ್ತಿದ್ದ ವಿಭಾಗದಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುವುದು ಕಾರಣವೆಂದು 1847ರಲ್ಲಿ ಸೆಮ್ಮೆಲ್‌ವೈಸ್ ಕಂಡುಕೊಂಡು, ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿಸಿದ ಮೇಲೆ ಸಾವು ನೂರಕ್ಕೆ ಒಂದೆರಡಕ್ಕೆ ಇಳಿಯಿತು. ಅವನ ಮಾತನ್ನು ಆಗ ಹೆಚ್ಚಿನವರು ನಂಬಲಿಲ್ಲ. ಕ್ರಮೇಣ ಶುಚಿ, ಅರಿವಳಿಕೆ, ರಕ್ತದಾನ, ಔಷಧಗಳು ಬಂದು ಆಸ್ಪತ್ರೆ ಮನೆಗಿಂತ ಸುರಕ್ಷಿತವಾಯಿತು. ಅಮೆರಿಕದಲ್ಲಿ 1900ರಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆಯಿದ್ದ ಆಸ್ಪತ್ರೆಯ ಹೆರಿಗೆ 1940ಕ್ಕೆ ಅರ್ಧಕ್ಕೂ ಮಿಕ್ಕಿ, 1950ಕ್ಕೆ ನೂರಕ್ಕೆ 88 ಆಯಿತು.

ಆದರೆ ಆ ಬಾಗಿಲಿನೊಳಗೆ ನೆರೆಯ ಹೆಂಗಸರಿಗೆ ಜಾಗವಿರಲಿಲ್ಲ, ತಾಯಿಗೂ ಇರಲಿಲ್ಲ. 'ಮಬ್ಬು ನಿದ್ದೆ' ಎಂಬ ಹೆಸರಿನಲ್ಲಿ ಮಾರ್ಫಿನ್ ಮತ್ತು ಸ್ಕೋಪೋಲಮಿನ್ ಸೇರಿಸಿ ಕೊಡುವ ಕ್ರಮ ಜರ್ಮನಿಯ ಫ್ರೈಬುರ್ಗಿನಿಂದ ಹೊರಟು 1914ರ ಹೊತ್ತಿಗೆ ಅಮೆರಿಕದಲ್ಲಿ ಜನಪ್ರಿಯವಾಯಿತು. ಅದನ್ನು ಬೇಕೆಂದು ಚಳವಳಿ ಮಾಡಿದವರು ಹೆಂಗಸರೇ. ನೋವು ಪೂರ್ತಿ ಹೋಗುತ್ತಿರಲಿಲ್ಲ, ನೋವಿನ ನೆನಪು ಹೋಗುತ್ತಿತ್ತು. ಹೊರಳಾಡಿ ಬೀಳದಂತೆ ಕೈಕಾಲು ಕಟ್ಟುವುದೂ ಇತ್ತು. ಗಂಡಂದಿರಿಗೆ ಬೇರೆ ಕೋಣೆ. ಸಿಗರೇಟು ಸೇದುತ್ತ ಅವರು ಶತಪಥ ಹಾಕುತ್ತಿದ್ದ ಆ ಕೋಣೆಗಳಿಗೆ 'ಕೊಕ್ಕರೆ ಕ್ಲಬ್ಬು' ಎಂದು ತಮಾಷೆಯ ಹೆಸರು. ಕೊಕ್ಕರೆ ಮಗುವನ್ನು ತಂದುಕೊಡುತ್ತದೆ ಎಂಬುದು ಅಲ್ಲಿನ ಮಕ್ಕಳ ಕಥೆ. ಷಿಕಾಗೋದ ಒಂದು ಆಸ್ಪತ್ರೆ ಆ ಕೋಣೆಯಲ್ಲಿ ಒಂದು ಪುಸ್ತಕ ಇಟ್ಟು, ಕಾಯುವ ತಂದೆಯರು ಮನಸ್ಸಿಗೆ ಬಂದದ್ದನ್ನು ಬರೆಯಬಹುದು ಎಂದಿತ್ತು. ಆ ಪುಸ್ತಕಗಳನ್ನೂ ಆಧರಿಸಿ ಜೂಡಿತ್ ವಾಲ್ಟ್ಜರ್ ಲೀವಿಟ್ ಎಂಬ ಇತಿಹಾಸಕಾರ್ತಿ 2009ರಲ್ಲಿ ಗ್ರಂಥವೊಂದನ್ನು ಹೊರತಂದರು. ಹೊರಗೆ ಕಾದ ಗಂಡಸಿಗೂ ಒಂದು ಇತಿಹಾಸವಿದೆ ಎಂದು ನನಗೆ ಹೊಳೆದದ್ದು ಆ ಗ್ರಂಥದ ವಿಷಯ ತಿಳಿದ ಮೇಲೆ.

ಅಸಮಾಧಾನ ಒಡೆದದ್ದು 1957ರಲ್ಲಿ. ಅಮೆರಿಕದ ಹೆಂಗಸರ ಪತ್ರಿಕೆಯೊಂದರಲ್ಲಿ ದಾದಿಯೊಬ್ಬಳು ಹೆರಿಗೆ ಕೋಣೆಯೊಳಗಿನ ಕ್ರೌರ್ಯದ ಬಗ್ಗೆ ಕಾಗದ ಬರೆದಳು. ಅದಕ್ಕೆ ಬಂದ ತಾಯಂದಿರ ಉತ್ತರಗಳನ್ನು 1958ರಲ್ಲಿ ಪ್ರಕಟಿಸಿದರು. ಕಟ್ಟಿಹಾಕಿದ್ದು, ಒಬ್ಬಳನ್ನೇ ಗಂಟೆಗಟ್ಟಲೆ ಬಿಟ್ಟುಹೋದದ್ದು, ಬೈದದ್ದು, ಎಲ್ಲ ಹೊರಗೆ ಬಂತು. ಇಂಗ್ಲೆಂಡಿನ ಗ್ರಾಂಟ್ಲಿ ಡಿಕ್-ರೀಡ್ 1933ರಿಂದಲೇ ಭಯವೇ ನೋವನ್ನು ಹೆಚ್ಚಿಸುತ್ತದೆ ಎಂದು ಬರೆಯುತ್ತಿದ್ದ. ಫ್ರಾನ್ಸಿನ ಫೆರ್ನಾಂಡ್ ಲಮಾಜ್ 1951ರಲ್ಲಿ ಸೋವಿಯತ್ ದೇಶಕ್ಕೆ ಹೋಗಿ ಉಸಿರಾಟದ ಅಭ್ಯಾಸದಿಂದ ಹೆರುವ ಕ್ರಮವನ್ನು ನೋಡಿ ಬಂದು, ಪ್ಯಾರಿಸಿನಲ್ಲಿ ಲೋಹ ಕಾರ್ಮಿಕರ ಸಂಘದ ಆಸ್ಪತ್ರೆಯಲ್ಲಿ ಅದನ್ನು ಶುರುಮಾಡಿದ. ಗಂಡನನ್ನೂ ಆ ಪಾಠಕ್ಕೆ ಕೂರಿಸಿದರು. ಅಲ್ಲಿ ಹೆತ್ತ ಮಾರ್ಜೊರಿ ಕಾರ್ಮೆಲ್ ಎಂಬ ಅಮೆರಿಕದ ಮಹಿಳೆ 1959ರಲ್ಲಿ ಬರೆದ ಪುಸ್ತಕ ಈ ಪದ್ಧತಿಯನ್ನು ಅಮೆರಿಕಕ್ಕೆ ಒಯ್ದಿತು. ಡೆನ್ವರಿನ ಡಾಕ್ಟರ್ ರಾಬರ್ಟ್ ಬ್ರಾಡ್ಲಿ ಗಂಡನೇ ಹೆಂಡತಿಗೆ ಅಭ್ಯಾಸ ಮಾಡಿಸಿ ಹೆರಿಗೆಯಲ್ಲಿಯೂ ನಿಲ್ಲಬೇಕೆಂದು 1965ರಲ್ಲಿ ಪುಸ್ತಕ ಬರೆದ. ಹಳ್ಳಿಯ ಹೊಲದಲ್ಲಿ ಬೆಳೆದ ಅವನಿಗೆ ದನಕರು ಈಯುವುದನ್ನು ನೋಡಿದ ಅನುಭವವೇ ಮೂಲಪಾಠವಂತೆ. ನಮ್ಮ ಹಟ್ಟಿಯಲ್ಲಿಯೂ ಗಂಡಸರೇ ಅಲ್ಲವೇ ಕರು ಎಳೆಯುವುದು!

ಆಸ್ಪತ್ರೆಗಳು ಸುಲಭಕ್ಕೆ ಒಪ್ಪಲಿಲ್ಲ. ರೋಗಾಣು ತರುತ್ತಾರೆ, ತಲೆ ತಿರುಗಿ ಬೀಳುತ್ತಾರೆ, ಏನಾದರೂ ಹೆಚ್ಚುಕಡಿಮೆಯಾದರೆ ಕೋರ್ಟಿಗೆ ಹೋಗುತ್ತಾರೆ ಎಂಬ ಮೂರು ಆಕ್ಷೇಪಗಳಿದ್ದವು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ವಿದ್ಯಾರ್ಥಿ ತನ್ನ ಕೈಯನ್ನೂ ಹೆಂಡತಿಯ ಕೈಯನ್ನೂ ಸೇರಿಸಿ ಕೋಳ ಹಾಕಿಕೊಂಡು ಒಳಗೇ ಉಳಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. 1970ರ ದಶಕದಲ್ಲಿ ಒಂದೊಂದೇ ಬಾಗಿಲು ತೆರೆಯಿತು. ಬ್ರಿಟನ್ನಿನ ಬದಲಾವಣೆಗೆ ಅರಮನೆಯ ಅಳತೆಗೋಲೇ ಸಾಕು. 1948ರಲ್ಲಿ ಚಾರ್ಲ್ಸ್ ಹುಟ್ಟುವ ಹೊತ್ತಿನಲ್ಲಿ ತಂದೆ ಫಿಲಿಪ್ ಸ್ಕ್ವಾಷ್ ಆಡುತ್ತಿದ್ದ. 1982ರಲ್ಲಿ ವಿಲಿಯಂ ಹುಟ್ಟುವಾಗ ಅದೇ ಚಾರ್ಲ್ಸ್ ಆಸ್ಪತ್ರೆಯ ಕೋಣೆಯೊಳಗಿದ್ದ.

ಇಲ್ಲಿಗೆ ಕಥೆ ಮುಗಿದಿದ್ದರೆ ಗಂಡನ ಪಕ್ಷ ಗೆದ್ದಿತು ಎನ್ನಬಹುದಾಗಿತ್ತು. ಆದರೆ 1980ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಸೋಸಾ, ಕೆನ್ನೆಲ್, ಕ್ಲಾಸ್ ಮೊದಲಾದ ವೈದ್ಯರು ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ನೆಂಟರಿಗೆ ಪ್ರವೇಶವಿಲ್ಲದ ಆಸ್ಪತ್ರೆಯೊಂದರಲ್ಲಿ ಕೆಲವು ಚೊಚ್ಚಲ ಬಸುರಿಯರ ಬಳಿ ಒಬ್ಬ ಸಾಮಾನ್ಯ ಹೆಂಗಸನ್ನು ಕೂರಿಸಿದರು. ಆಕೆ ಗುರುತಿನವಳೂ ಅಲ್ಲ. ಬೆನ್ನು ಸವರುವುದು, ಕೈ ಹಿಡಿಯುವುದು, ಮಾತಾಡುವುದು ಇಷ್ಟೇ ಆಕೆಯ ಕೆಲಸ. ತೊಡಕಿಲ್ಲದೆ ಹೆತ್ತವರನ್ನು ಹೋಲಿಸಿದಾಗ ಒಂಟಿಯಾಗಿದ್ದವರಿಗೆ ಆಸ್ಪತ್ರೆ ಸೇರಿದಂದಿನಿಂದ ಸುಮಾರು 19 ಗಂಟೆ ಹಿಡಿದಿದ್ದರೆ ಜೊತೆಯಿದ್ದವರಿಗೆ 9 ಗಂಟೆಗೂ ಕಡಿಮೆ ಸಾಕಾಗಿತ್ತು. ಆಮೇಲೆ ಹಲವು ದೇಶಗಳಲ್ಲಿ ಇಂಥ ಪ್ರಯೋಗಗಳಾದವು. 2017ರಲ್ಲಿ ಅವನ್ನೆಲ್ಲ ಒಟ್ಟು ಸೇರಿಸಿ ನೋಡಿದ ಕೊಕ್ರೇನ್ ಸಮೀಕ್ಷೆಯಲ್ಲಿ 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಲೆಕ್ಕವಿದೆ. ಜೊತೆಯಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿ ಕಡಿಮೆ. ಆ ಜೊತೆ ಗಂಡನೂ ಆಗಬಹುದು, ತಾಯಿಯೂ ಆಗಬಹುದು, ತರಬೇತಾದ ಹೆಂಗಸೂ ಆಗಬಹುದು. ಇಷ್ಟೆಲ್ಲ ಪ್ರಯೋಗ ಮಾಡಿ ಲೋಕ ಬಂದು ನಿಂತದ್ದು ಚರಕನ ಸೂತಿಕಾಗಾರದ ಬಾಗಿಲಿಗೆ! ಗಂಡನಿದ್ದರೆ ಹೆರುವವಳಿಗೆ ಮುಜುಗರವಾಗಿ ಹೆರಿಗೆ ತಡವಾಗುತ್ತದೆ, ಅವನು ಹೊರಗಿರುವುದೇ ಒಳ್ಳೆಯದು ಎಂದು ಹೇಳುತ್ತಿದ್ದ ಫ್ರಾನ್ಸಿನ ಮಿಶೆಲ್ ಒಡಾಂಟ್ ಎಂಬ ಅನುಭವಿ ವೈದ್ಯರೂ ಇದ್ದರು. ನಮ್ಮ ಅಜ್ಜಿಯಂದಿರಿಗೆ ಈ ಹೆಸರು ತಿಳಿದಿದ್ದರೆ ಜಗಲಿಯ ವಾದದಲ್ಲಿ ಅನುಕೂಲವಾಗುತ್ತಿತ್ತು.

ಇನ್ನು ನಮ್ಮ ದೇಶ. ಮದರಾಸಿನಲ್ಲಿ ಹೆರಿಗೆ ಆಸ್ಪತ್ರೆ ಶುರುವಾದದ್ದು 1844ರಲ್ಲಿ. ಗಂಡಸು ವೈದ್ಯರ ಬಳಿಗೆ ಹೆಂಗಸರು ಹೋಗುವುದಿಲ್ಲವೆಂದು 1885ರಲ್ಲಿ ಲೇಡಿ ಡಫರಿನ್ ನಿಧಿ ಹುಟ್ಟಿಕೊಂಡಿತು. 1916ರಲ್ಲಿ ತಿರುವಾಂಕೂರಿಗೆ ಹಿಂದಿರುಗಿ ತಿರುವನಂತಪುರದ ತೈಕ್ಕಾಡ್ ಆಸ್ಪತ್ರೆಯನ್ನು ವಹಿಸಿಕೊಂಡ ಡಾ. ಮೇರಿ ಪುನ್ನನ್ ಲೂಕೋಸ್ ಸೂಲಗಿತ್ತಿಯರ ಮನೆಯ ಹೆಣ್ಣುಮಕ್ಕಳನ್ನೇ ಕರೆದು ತರಬೇತಿ ಕೊಟ್ಟರು. ಇದು ಬಹಳ ದೂರದೃಷ್ಟಿಯ ಕೆಲಸ. ಕೇರಳದ ದಾರಿ ಬೇರೆಯಾಗಲು ಇಂಥವೂ ಕಾರಣ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇರಳದ ನೂರು ಹೆರಿಗೆಗಳಲ್ಲಿ ಸುಮಾರು 88 ಆಸ್ಪತ್ರೆಯಲ್ಲಾಗಿದ್ದರೆ ಇಡೀ ದೇಶದಲ್ಲಿ 26 ಮಾತ್ರ. ದೇಶ ಆ 88ನ್ನು ಮುಟ್ಟಿದ್ದು 2019-21ರ ಸಮೀಕ್ಷೆಯಲ್ಲಿ. ಆ ಹೊತ್ತಿಗೆ ಕೇರಳ 99.8ಕ್ಕೆ ಬಂದಿತ್ತು. 2018-20ರ ಲೆಕ್ಕದಂತೆ ಒಂದು ಲಕ್ಷ ಜೀವಂತ ಹೆರಿಗೆಗಳಿಗೆ ಸತ್ತ ತಾಯಂದಿರು ದೇಶದಲ್ಲಿ 97, ಕೇರಳದಲ್ಲಿ 19. ಈ ಅಂಕೆಗಳ ಮುಂದೆ ಈಟ್ಟಿಲ್ಲದ ಕತ್ತಲೆಗೆ ಯಾರೂ ಹಿಂದಿರುಗಲು ಬಯಸಲಾರರು.

ಆದರೆ ಅಮೆರಿಕದಲ್ಲಿ ಆದದ್ದೇ ಇಲ್ಲಿಯೂ ಆಯಿತು. ಅಜ್ಜಿ, ಅಮ್ಮ, ಅತ್ತಿಗೆ ಮೂವರೂ ಬಾಗಿಲಿನ ಹೊರಗೆ ಉಳಿದರು. ಸೂಲಗಿತ್ತಿ ಇಲ್ಲವಾದಳು. ಒಂದೇ ಉದ್ದ ಕೋಣೆಯಲ್ಲಿ ನಾಲ್ಕಾರು ಮೇಜುಗಳು, ನಡುವೆ ಪರದೆಯೂ ಇಲ್ಲವೆಂದಾದರೆ ಗಂಡಸನ್ನು ಒಳಗೆ ಬಿಡುವುದಾದರೂ ಹೇಗೆ? ಪಕ್ಕದ ಮೇಜಿನ ಹೆಂಗಸಿನ ಮಾನದ ಪ್ರಶ್ನೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಒಬ್ಬ ಜೊತೆಗಾತಿಯನ್ನು ಬಿಡಬೇಕೆಂದು ತಿಳಿಸಿತು. ತಾನೂ ಹೆತ್ತು ಅನುಭವವಿರುವವಳಾಗಬೇಕು, ಅಂಟುರೋಗ ಇರಬಾರದು, ಶುಭ್ರ ಬಟ್ಟೆ ತೊಟ್ಟಿರಬೇಕು, ಕೊನೆಯವರೆಗೂ ಇರಬೇಕು, ಆಸ್ಪತ್ರೆಯವರ ಕೆಲಸದಲ್ಲಿ ತಲೆ ಹಾಕಬಾರದು ಎಂಬುದು ನಿಯಮ. ಮರೆ ಇರುವ ಕಡೆಗಳಲ್ಲಿ ಗಂಡನನ್ನೂ ಬಿಡಬಹುದೆಂದು ಅದರಲ್ಲೇ ಇದೆ. 2017ರ ಕೊನೆಗೆ ಬಂದ 'ಲಕ್ಷ್ಯ' ಯೋಜನೆಯಲ್ಲಿಯೂ, 2018ರ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಲ್ಲಿಯೂ ಈ ಮಾತಿದೆ. ವಿಶ್ವಸಂಸ್ಥೆಯವರು ಸೇರಿಸಿದ ಒಂದು ಪದ ಮುಖ್ಯವಾದದ್ದು: ಆ ಜೊತೆ ಹೆರುವವಳು ತಾನೇ ಆರಿಸಿಕೊಂಡವರಾಗಬೇಕು.

ಗಡಿನಾಡಿನ ಕನ್ನಡ ಮನೆಗಳಿಗೆ ಈ ವಿಷಯದಲ್ಲಿ ಇನ್ನೊಂದು ಮಗ್ಗುಲಿದೆ. ನಮ್ಮ ಮನೆಗಳ ಸೊಸೆಯಂದಿರಲ್ಲಿ ಅನೇಕರು ಪುತ್ತೂರು, ಸುಳ್ಯ, ಬಂಟ್ವಾಳದ ಕಡೆಯವರು. ಚೊಚ್ಚಲಿಗೆ ತವರಿಗೆ ಹೋದರೂ ಎರಡನೆಯದು ಇಲ್ಲಿಯೇ. ನನ್ನ ಹೆಂಡತಿಯ ಎರಡನೆಯ ಹೆರಿಗೆಯೂ ಗಡಿಯ ಈಚೆಯ ಆಸ್ಪತ್ರೆಯಲ್ಲಾಯಿತು. ನಾನು ಹೊರಗಿನ ಬೆಂಚಿನಲ್ಲಿ ಬಟ್ಟೆಯ ಚೀಲ, ಮದ್ದಿನ ಚೀಟಿ ಹಿಡಿದು ಕುಳಿತಿದ್ದೆ. ಒಳಗೆ ದಾದಿ "ಮುಕ್ಕ್, ಮುಕ್ಕ್" ಎಂದು ಹೇಳುತ್ತಿದ್ದಳಂತೆ. ಮಲಯಾಳದಲ್ಲಿ ಅದು ಮುಕ್ಕರಿ, ಬಲ ಕೊಡು ಎಂಬ ಮಾತು. ಕನ್ನಡದಲ್ಲಿ ಮುಕ್ಕು ಎಂದರೆ ಬಾಯಿಗೆ ತುಂಬಿ ತಿನ್ನುವುದು! ಇವಳಿಗೆ ಆ ನೋವಿನಲ್ಲಿ ಏನೂ ಅರ್ಥವಾಗಲಿಲ್ಲ. ದಾದಿ ಒಳ್ಳೆಯವಳೇ, ಆದರೆ ಎಷ್ಟು ಜನರನ್ನು ನೋಡುವುದು? ಕೊನೆಗೆ ನೆಲ ಒರಸುತ್ತಿದ್ದ ವಯಸ್ಸಾದ ಆಯಾ ಒಬ್ಬರು ಹತ್ತಿರ ಬಂದು, ತಲೆ ಸವರಿ, ತುಳುವಿನಲ್ಲಿ ಹೇಳಿಕೊಟ್ಟರು. ಅರ್ಧ ಗಂಟೆಯಲ್ಲಿ ಮಗಳು ಹುಟ್ಟಿದಳು. "ನಾನೇ ಒಳಗಿದ್ದಿದ್ದರೆ?" ಎಂದು ಮುಂದೊಮ್ಮೆ ಕೇಳಿದೆ. "ನೀವಿದ್ದರೆ ನಿಮ್ಮನ್ನೂ ನಾನೇ ನೋಡಿಕೊಳ್ಳಬೇಕಿತ್ತು, ಅಮ್ಮ ಇದ್ದಿದ್ದರೆ ಸಾಕಿತ್ತು" ಎಂದಳು. ನಮ್ಮ ಶಾಖೆಯ ಒಬ್ಬ ತರುಣಿಯನ್ನು ಕೇಳಿದರೆ ಅವಳ ಉತ್ತರ ಬೇರೆ: ಅತ್ತೆಯೂ ಬೇಡ, ಅಮ್ಮನೂ ಬೇಡ, ಅವರೇ ಇರಲಿ.

1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ಕನ್ನಡಿಗರಾದ ನಾವು ಸರಕಾರಕ್ಕೆ ಕನ್ನಡದಲ್ಲೇ ಅರ್ಜಿ ಬರೆಯಬಹುದು. ಭಾಷೆಯ ಹಕ್ಕೆಂದರೆ ನಮಗೆ ಶಾಲೆ, ಕಚೇರಿ, ನಾಮಫಲಕ ನೆನಪಾಗುತ್ತವೆ. ಹೆರಿಗೆ ಕೋಣೆ ನೆನಪಾಗುವುದಿಲ್ಲ. ಏಕೆಂದರೆ ಅದರ ಬಗ್ಗೆ ಭಾಷಣ ಮಾಡುವ ನಾವೆಲ್ಲ ಬೆಂಚಿನಲ್ಲಿ ಕುಳಿತವರು. ಮಂಗಳೂರಿಗೆ ಹೋಗುತ್ತೇವಲ್ಲ ಎನ್ನುವವರಿಗೆ 2020ರ ಮಾರ್ಚ್ ನೆನಪಿರಬಹುದು. ಅಂದು ತಲಪಾಡಿಯಲ್ಲಿ ದಾರಿ ಮುಚ್ಚಿ, ರೋಗಿಗಳ ವಾಹನಗಳು ಹಿಂದಿರುಗಿ, ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆಜ್ಞೆ ಮಾಡಬೇಕಾಯಿತು. ದಿನ ತುಂಬಿದವಳು ಗಡಿ ತೆರೆಯುವ ತನಕ ಕಾಯಲಾರಳು.

ಬ್ಯಾಂಕಿನವರಿಗೆ 2015ರ ವೇತನ ಒಪ್ಪಂದದಲ್ಲಿ ಹದಿನೈದು ದಿನಗಳ ಪಿತೃತ್ವ ರಜೆ ಸಿಕ್ಕಿತು. ನನ್ನ ಮಕ್ಕಳು ಆಗಲೇ ಶಾಲೆಗೆ ಹೋಗುತ್ತಿದ್ದರು. ಈಗಿನ ಹುಡುಗರಿಗೆ ಇದೆ. ರಜೆಯ ಅರ್ಜಿಗಳು ನನ್ನ ಮೇಜಿನ ಮೇಲಿಂದಲೇ ಹೋಗುವುದರಿಂದ ಒಂದು ಗಮನಿಸಿದ್ದೇನೆ. ಮೊದಮೊದಲು ಎಲ್ಲರೂ ಕೇಳುತ್ತಿದ್ದದ್ದು ನಾಮಕರಣ, ತೊಟ್ಟಿಲು ಹಾಕುವ ದಿನಗಳ ಸುತ್ತಮುತ್ತ. ಕಳೆದ ವರ್ಷ ಬದಿಯಡ್ಕ ಕಡೆಯ ಹುಡುಗನೊಬ್ಬ ವೈದ್ಯರು ಹೇಳಿದ ತಾರೀಕಿಗೆ ಎರಡು ದಿನ ಮೊದಲಿನಿಂದ ರಜೆ ಬರೆದ. ಒಳಗೆ ಬಿಡುತ್ತಾರೆಯೇ ಎಂದು ಕೇಳಿದೆ. "ಏಳನೇ ತಿಂಗಳಲ್ಲೇ ಹೋಗಿ ಕೇಳಿದ್ದೇವೆ ಸಾರ್, ನನ್ನನ್ನು ಬಿಡುವುದಿಲ್ಲವಂತೆ, ಅವಳ ಅಮ್ಮನನ್ನು ಬಿಡುತ್ತಾರಂತೆ" ಎಂದ. ಮತ್ತೆ ರಜೆ ಏಕೆ ಎಂದರೆ, ಅತ್ತೆಯವರನ್ನು ವಿಟ್ಲದಿಂದ ಕರೆದುಕೊಂಡು ಬರಬೇಕಲ್ಲ ಎಂದು ನಕ್ಕ.